ಕಡಲಿಗೆ ಯಾವ ಬಣ್ಣ?

ನಮ್ಮಂಥವರ ಮನೆಯ ಗೋಡೆಗೆ ಚಿತ್ರ ಬರುವುದು ಎರಡೇ ದಾರಿಯಿಂದ. ಒಂದು, ಜವಳಿ ಅಂಗಡಿಯವರೋ ಒಡವೆ ಅಂಗಡಿಯವರೋ ಹೊಸ ವರ್ಷಕ್ಕೆ ಕೊಡುವ ಕ್ಯಾಲೆಂಡರಿನ ದಾರಿ. ಇನ್ನೊಂದು, ಗೃಹಪ್ರವೇಶದ ಉಡುಗೊರೆಯ ದಾರಿ. ದುಡ್ಡು ಕೊಟ್ಟು ಸೀರೆ ಕೊಳ್ಳುತ್ತೇವೆ, ಪಾತ್ರೆ ಕೊಳ್ಳುತ್ತೇವೆ, ಮಕ್ಕಳ ಕಾಟಕ್ಕೆ ಏನೇನೋ ಕೊಳ್ಳುತ್ತೇವೆ. ಆದರೆ ಒಂದು ಚಿತ್ರವನ್ನು ಇದೇ ಬೇಕೆಂದು ಆರಿಸಿ ಕೊಂಡವರು ನನ್ನ ಬಳಗದಲ್ಲಿ ಒಬ್ಬರೂ ಇಲ್ಲ. ಹೀಗೆ ತಾನಾಗಿ ಬಂದ ಚಿತ್ರಗಳಲ್ಲಿ ದೇವರ ಪಟಗಳನ್ನು ಬಿಟ್ಟರೆ ಹೆಚ್ಚಿನವು ಸಮುದ್ರದವು. ಪಕ್ಕಕ್ಕೆ ವಾಲಿದ ಒಂದು ತೆಂಗಿನ ಮರ, ಒಂದು ಹಾಯಿದೋಣಿ, ಅರ್ಧ ಮುಳುಗಿದ ಕಿತ್ತಳೆ ಬಣ್ಣದ ಸೂರ್ಯ, ಮೇಲೆ ನಾಲ್ಕು ಹಕ್ಕಿ.

ನಮ್ಮ ಹುಲ್ಲಹಳ್ಳಿಯಿಂದ ಸಮುದ್ರ ನೋಡಬೇಕೆಂದರೆ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಘಟ್ಟ ಇಳಿಯಬೇಕು. ಆದರೂ ಕಡಲನ್ನು ಕಣ್ಣಾರೆ ಕಾಣದವರ ನಡುಮನೆಯಲ್ಲೂ ಆ ಹಾಯಿದೋಣಿ ತೇಲುತ್ತಿರುತ್ತದೆ. ಅದನ್ನು ಯಾರೂ ನೋಡುವುದಿಲ್ಲ ಎನ್ನುವುದು ಬೇರೆ ಮಾತು. ಸುಣ್ಣ ಹೊಡೆಸುವಾಗ ತೆಗೆದಿಟ್ಟು, ಗೋಡೆಯ ಮೇಲೆ ಬೆಳ್ಳಗಿನ ಚೌಕ ಕಂಡಾಗಲೇ "ಇಲ್ಲೊಂದು ಪಟ ಇತ್ತಲ್ಲ" ಎಂದು ನೆನಪಾಗುವುದು.

ಮೈಸೂರು ಸೀಮೆಯವರಾದ ನಮಗೆ ಚಿತ್ರಕಲೆಯೆಂದರೆ ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಂಗಸು. ನೆಂಟರು ಬಂದರೆ ಚಾಮುಂಡಿ ಬೆಟ್ಟ, ಮೃಗಾಲಯ, ಅದಾದ ಮೇಲೆ ಹಲ್ದಣಕರರ ಆ ಜಲವರ್ಣ. ಸೀರೆಯ ಸೆರಗು, ಬೆರಳ ಸಂದಿನಲ್ಲಿ ತೂರಿ ಬರುವ ಕೆಂಪು ಬೆಳಕು, ಮುಖದ ಮೇಲಿನ ಹೊಳಪು ಎಲ್ಲವೂ ನಮ್ಮವೇ. ಅದನ್ನು ನೋಡಲು ಯಾರ ಸಹಾಯವೂ ಬೇಡ. ರವಿವರ್ಮನ ಚಿತ್ರಗಳಾದರೆ ಕಥೆಯೇ ಗೊತ್ತಿರುತ್ತದೆ; ದಮಯಂತಿ ಯಾಕೆ ನಿಂತಿದ್ದಾಳೆ, ಹಂಸ ಏನು ಹೇಳುತ್ತಿದೆ ಎಂದು ಮಕ್ಕಳಿಗೆ ಹೇಳುತ್ತಾ ಮುಂದೆ ಹೋಗಬಹುದು. ಆದರೆ ಮನುಷ್ಯರಿಲ್ಲದ, ಕಥೆಯಿಲ್ಲದ, ಬರಿಯ ನೀರು ಬರಿಯ ಆಕಾಶ ಇರುವ ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲಬೇಕು, ಅಲ್ಲಿ ಏನನ್ನು ನೋಡಬೇಕು? ಇದನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ.

ನನಗೆ ಇದನ್ನು ಹೇಳಿಕೊಟ್ಟವರು ಇಬ್ಬರು. ಒಬ್ಬರು ದೊಡ್ಡ ಕಲಾವಿದರು, ಕೆ.ಕೆ. ಹೆಬ್ಬಾರರು. ಇನ್ನೊಬ್ಬಳು ನನ್ನ ಶಾಲೆಯ ಎಂಟನೆಯ ತರಗತಿಯ ಹುಡುಗಿ. ಹೆಬ್ಬಾರರನ್ನು ನಾನು ಕಂಡವಳಲ್ಲ. ಅವರ ಚಿತ್ರಗಳನ್ನು ಮೊದಲು ಕಂಡದ್ದು 2012ರ ಬೇಸಿಗೆ ರಜೆಯಲ್ಲಿ, ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಕಲಾ ಗ್ಯಾಲರಿಯಲ್ಲಿ. ಪಕ್ಕದ ವಿಶ್ವೇಶ್ವರಯ್ಯ ಮ್ಯೂಸಿಯಂ ತೋರಿಸಲೆಂದು ತಂಗಿಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಮಕ್ಕಳು ಅಲ್ಲಿನ ಯಂತ್ರಗಳ ಗುಂಡಿ ಒತ್ತುವುದರಲ್ಲಿ ಮುಳುಗಿದ್ದರು. ತಂಗಿಯನ್ನು ಅವರ ಜೊತೆ ಬಿಟ್ಟು, ನೆರಳಿದೆಯಲ್ಲ ಎಂದು ಪಕ್ಕದ ಕಟ್ಟಡಕ್ಕೆ ಹೊಕ್ಕೆ. ಕಲಾಪ್ರೇಮದಿಂದ ಹೋದೆನೆಂದು ಹೇಳಿಕೊಂಡರೆ ಸುಳ್ಳಾದೀತು. ಬಿಸಿಲಿನ ಕಾರಣದಿಂದ ಹೋದದ್ದು.

ಒಳಗೆ ವೆಂಕಟಪ್ಪನವರ ಊಟಿಯ ಜಲವರ್ಣಗಳನ್ನು ನೋಡಿಕೊಂಡು ಹೆಬ್ಬಾರರ ಚಿತ್ರಗಳಿದ್ದ ಕಡೆಗೆ ಬಂದೆ. ಒಂದು ಕ್ಯಾನ್ವಾಸಿನ ಮುಂದೆ ಕಾಲು ನಿಂತಿತು. ಬಣ್ಣವನ್ನು ದಪ್ಪವಾಗಿ ಹಚ್ಚಿದ್ದರು. ಹತ್ತಿರದಿಂದ ನೋಡಿದರೆ ಗಾರೆ ಮೆತ್ತಿದ ಗೋಡೆಯಂತೆ ಒರಟೊರಟು. ಎರಡು ಹೆಜ್ಜೆ ಹಿಂದೆ ಸರಿದರೆ ಆ ಒರಟೆಲ್ಲ ಅಲುಗುವ ಬೆಳಕಾಯಿತು. ಎಲ್ಲಿಯವರೆಗೆ ನೀರು, ಎಲ್ಲಿಂದ ಆಕಾಶ ಎಂದು ಹುಡುಕಿದರೆ ಗೆರೆಯೇ ಸಿಗಲಿಲ್ಲ. ನಮ್ಮ ನಡುಮನೆಯ ಪಟಗಳಲ್ಲಿ ಸ್ಕೇಲು ಇಟ್ಟು ಎಳೆದ ಹಾಗೆ ಒಂದು ಗೆರೆ ಇರುತ್ತದಲ್ಲ, ಅದು ಇಲ್ಲಿ ಇರಲಿಲ್ಲ. ಅದೇ ನನ್ನನ್ನು ಹಿಡಿದು ನಿಲ್ಲಿಸಿದ್ದು.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ. ಹೆಸರಿನ ಮೊದಲ 'ಕೆ' ಊರಿನದು. ತಂದೆ ಮಣ್ಣಿನ ಗಣಪತಿ ಮಾಡುತ್ತಿದ್ದವರು. ಬಡತನದ ಬಾಲ್ಯ. ಚಿತ್ರ ಕಲಿಯುವ ಹಂಬಲದಿಂದ ಹುಡುಗ ಬಂದದ್ದು ನಮ್ಮ ಮೈಸೂರಿಗೆ, ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೆ. ಇಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ, ಮುಂಬಯಿಗೆ ಹೋದರು. ಅಲ್ಲಿ ಕನ್ನಡಿಗರೇ ಆದ ದಂಡಾವತಿಮಠರ ನೂತನ ಕಲಾ ಮಂದಿರ, ಆಮೇಲೆ ಜೆ.ಜೆ. ಕಲಾಶಾಲೆ. ಕಲಿತ ಶಾಲೆಯಲ್ಲೇ ಕೆಲವು ವರ್ಷ ಮೇಷ್ಟರೂ ಆಗಿದ್ದರು. 1949ರಲ್ಲಿ ಪ್ಯಾರಿಸಿಗೆ ಹೋಗಿ ಅಕಾಡೆಮಿ ಜೂಲಿಯನ್‌ನಲ್ಲಿ ಕಲಿತು ಬಂದರು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ. 1996ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಬಾಳಿನ ಬಹುಭಾಗ ಹೊರಗೇ ಕಳೆದರೂ ಕರಾವಳಿ ಅವರನ್ನು ಬಿಡಲಿಲ್ಲ. ಯಕ್ಷಗಾನದ ವೇಷ, ಕೋಳಿ ಅಂಕ, ಕೆಂಪು ಮಣ್ಣು, ಮಳೆಗಾಲದ ಹಸಿರು ಇವೆಲ್ಲ ಮತ್ತೆ ಮತ್ತೆ ಬಂದವು. ವಯಸ್ಸಾದಂತೆ ಮನುಷ್ಯರ ಗದ್ದಲ ಕಡಿಮೆಯಾಗಿ ಸೂರ್ಯ, ಚಂದ್ರ, ನೀರು, ಬಾನು ಚಿತ್ರದ ತುಂಬ ಹರಡಿಕೊಂಡವು. ವಯಸ್ಸಾದ ಮೇಲೆ ನಮಗೂ ಹಾಗೆಯೇ ಅಲ್ಲವೆ? ಮಾತು ಕಡಿಮೆಯಾಗಿ ಜಗುಲಿಯ ಮೇಲೆ ಕೂತು ಮುಗಿಲು ನೋಡುವುದು ಹೆಚ್ಚಾಗುತ್ತದೆ.

ಅವರ ಬಗ್ಗೆ ಓದಿದ ಮೇಲೆ ನನಗೆ ತುಂಬ ಹಿಡಿಸಿದ್ದು ಇನ್ನೊಂದು ಸಂಗತಿ. ನಡುವಯಸ್ಸಿನಲ್ಲಿ ಈ ಮನುಷ್ಯ ಪಂಡಿತ ಸುಂದರ ಪ್ರಸಾದರ ಬಳಿ ಕಥಕ್ ಕಲಿತರಂತೆ. ವೇದಿಕೆ ಏರುವುದಕ್ಕಲ್ಲ. ಕುಣಿತದ ಲಯ ಮೈಗೆ ಗೊತ್ತಾಗದೆ ಅದನ್ನು ಕೈ ಹೇಗೆ ಬರೆದೀತು ಎಂದು. 1964ರಲ್ಲಿ ಅವರ ರೇಖಾಚಿತ್ರಗಳ ಪುಸ್ತಕ ಬಂತು. ಅದಕ್ಕೆ ಇಂಗ್ಲಿಷಿನಲ್ಲಿ 'ದಿ ಸಿಂಗಿಂಗ್ ಲೈನ್' ಎಂದು ಹೆಸರು. ಹಾಡುವ ಗೆರೆ ಎನ್ನೋಣ. ಕೈ ಎತ್ತದೆ ಎಳೆದಂಥ ಗೆರೆ, ಎರಡು ಬಳುಕಿನಲ್ಲಿ ಒಬ್ಬ ಹೆಂಗಸಿನ ನಡಿಗೆ, ಮೂರು ಬಳುಕಿನಲ್ಲಿ ಒಂದು ಕುಣಿತ.

ಆ ಗೆರೆಗಳನ್ನು ನೋಡಿದಾಗ ಬೆರಗಿನ ಜೊತೆಗೆ ನನಗೆ ಸ್ವಲ್ಪ ಸಲಿಗೆಯೂ ಆಯಿತು. ಗೆರೆ ಎಳೆಯುವುದು ನಮಗೇನು ಹೊಸದೆ? ಬೆಳಗ್ಗೆ ಎದ್ದು ಬಾಗಿಲು ಸಾರಿಸಿ, ಎರಡು ಬೆರಳ ನಡುವೆ ಹಿಟ್ಟು ಹಿಡಿದು, ಬಗ್ಗಿ ನಿಂತು, ಏಳು ಚುಕ್ಕಿಯನ್ನು ಸುತ್ತಿ ಬಂದ ಗೆರೆಯನ್ನು ಹೊರಟಲ್ಲಿಗೇ ತಂದು ಸೇರಿಸುವ ಹೆಂಗಸರು ನಮ್ಮ ಬೀದಿಯ ಮನೆಮನೆಯಲ್ಲೂ ಇದ್ದಾರೆ. ಅವರನ್ನು ಕಲಾವಿದೆ ಎಂದು ಯಾರೂ ಕರೆದಿಲ್ಲ. ಹತ್ತು ಗಂಟೆಯ ಹೊತ್ತಿಗೆ ಹಾಲಿನವನ ಸೈಕಲ್ಲು, ಕುರಿ, ಮಕ್ಕಳ ಕಾಲು ಎಲ್ಲ ಸೇರಿ ಅದನ್ನು ಅಳಿಸಿಯೂ ಬಿಡುತ್ತವೆ. ಮರುದಿನ ಮತ್ತೆ ಹೊಸ ಗೆರೆ. ಕೈಗೆ ಅಷ್ಟು ಅಭ್ಯಾಸವಿರುವ ನಾವು ಚಿತ್ರಶಾಲೆಯೊಳಗೆ ಮಾತ್ರ ಪರಕೀಯರಂತೆ ಮೈ ಹಿಡಿ ಮಾಡಿಕೊಂಡು ನಡೆಯುತ್ತೇವೆ.

ಬಣ್ಣದ ವಿಷಯವೂ ಅಷ್ಟೆ. ಚಿತ್ರದ ಬಣ್ಣ ನಮಗೆ ತಿಳಿಯದು ಎನ್ನುತ್ತೇವೆ. ಸೀರೆ ಅಂಗಡಿಯಲ್ಲಿ ಕೂತರೆ? ಆನಂದ ಬಣ್ಣ, ಮೈಲುತುತ್ತದ ಬಣ್ಣ, ನವಿಲು ಕೊರಳಿನ ಬಣ್ಣ, ಈರುಳ್ಳಿ ಸಿಪ್ಪೆಯ ಬಣ್ಣ, ರಾಮಾ ಗ್ರೀನು, ಗಂಧದ ಬಣ್ಣ. ಅಂಗಡಿಯವನು ನೀಲಿ ಎಂದು ತೋರಿಸಿದ್ದನ್ನು "ಇದು ನೀಲಿಯಲ್ಲ ಸ್ವಾಮಿ, ಇದರಲ್ಲಿ ಹಸಿರು ಹೊಡೆಯುತ್ತೆ" ಎಂದು ಹಿಂದಕ್ಕೆ ತಳ್ಳುತ್ತೇವೆ. ಟ್ಯೂಬ್‌ಲೈಟಿನ ಬೆಳಕನ್ನು ನಂಬದೆ ಸೀರೆಯನ್ನು ಬಾಗಿಲಿಗೆ ತಂದು ಬಿಸಿಲಿಗೆ ಹಿಡಿಯುತ್ತೇವೆ. ಇನ್ನು ಡಬಲ್ ಶೇಡ್ ಸೀರೆ ಎಂದರೆ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ. ಮಡಿಸಿದರೆ ಒಂದು, ಬಿಡಿಸಿದರೆ ಇನ್ನೊಂದು, ನಡೆದರೆ ಎರಡೂ. ಸೀರೆಯ ಬಣ್ಣ ಯಾವುದು ಎಂದರೆ ಬೆಳಕು ಎಲ್ಲಿಂದ ಬೀಳುತ್ತಿದೆ, ನೋಡುವವಳು ಎಲ್ಲಿ ಕೂತಿದ್ದಾಳೆ ಎಂದು ಕೇಳಬೇಕು. ಆ ದಿನ ಗ್ಯಾಲರಿಯಲ್ಲಿ ನನಗೆ ಹೊಳೆದದ್ದು ಇಷ್ಟೆ: ಸಮುದ್ರವೂ ಒಂದು ಡಬಲ್ ಶೇಡ್ ಸೀರೆ. ನೀರು ಹಾಸು, ಆಕಾಶ ಹೊಕ್ಕು. ಹೆಬ್ಬಾರರು ಎರಡನ್ನೂ ಸೇರಿಸಿ ನೇಯ್ದಿದ್ದಾರೆ. ನಮ್ಮ ನಡುಮನೆಯ ಪಟದವನು ಎರಡು ತುಂಡನ್ನು ಹೊಲಿದಿದ್ದಾನೆ.

ಇದು ನನ್ನ ಮನಸ್ಸಿನಲ್ಲೇ ಉಳಿದು ಮರೆತೂ ಹೋಗಬಹುದಾಗಿತ್ತು. ಹೋಗದ ಹಾಗೆ ಮಾಡಿದವಳು ಆ ಎಂಟನೆಯ ತರಗತಿಯ ಹುಡುಗಿ.

ನಮ್ಮ ಶಾಲೆಯಲ್ಲಿ ಚಿತ್ರಕಲೆಗೆ ಬೇರೆ ಶಿಕ್ಷಕರಿಲ್ಲ. ವೇಳಾಪಟ್ಟಿಯಲ್ಲಿ ಆ ಪೀರಿಯಡ್ಡು ಯಾರ ಪಾಲಿಗೆ ಬಿದ್ದರೆ ಅವರದು. ಸಮಾಜ ವಿಜ್ಞಾನ ಹೇಳುವ ನನ್ನ ಪಾಲಿಗೆ ಅದು ಹಲವು ವರ್ಷ ಬಿದ್ದಿತ್ತು. ಯಾವ ಊರಿನ ಮಕ್ಕಳಿಗೇ ಆಗಲಿ, ನಿಮಗೆ ಇಷ್ಟ ಬಂದ ಚಿತ್ರ ಬರೆಯಿರಿ ಎಂದರೆ ಏನು ಬರೆಯುತ್ತಾರೆ ಎಂದು ನನ್ನಂಥ ಟೀಚರುಗಳಿಗೆಲ್ಲ ಗೊತ್ತು. ಎರಡು ತ್ರಿಕೋನದ ಬೆಟ್ಟ, ನಡುವೆ ಸೂರ್ಯ, ಅಲ್ಲಿಂದ ಇಳಿದು ಬರುವ ನದಿ, ದಡದಲ್ಲಿ ಒಂದು ಗುಡಿಸಲು, ಒಂದು ತೆಂಗಿನ ಮರ. ನದಿಗೆ ನೀಲಿ. ಆಕಾಶಕ್ಕೂ ನೀಲಿ. ಶಾಲೆಯಿಂದ ಕೂಗಳತೆಯಲ್ಲಿ ಕಪಿಲೆ ಹರಿಯುತ್ತಿದ್ದಾಳೆ. ಆದರೆ ಮಕ್ಕಳ ಹಾಳೆಯ ಮೇಲೆ ಹರಿಯುವ ನದಿ ಬೇರೆ ಯಾರೋ ಬರೆದುಕೊಟ್ಟ ನದಿ.

ಕಪಿಲೆಯ ಬಣ್ಣವನ್ನು ಈ ಊರಿನವರು ಬಲ್ಲರು. ಬೇಸಿಗೆಯಲ್ಲಿ ಅಣೆಕಟ್ಟೆಯ ಕೆಳಗೆ ಬಂಡೆ ಬಿಟ್ಟುಕೊಂಡು ನೀರು ಹಸಿರು ಗಾಜಿನಂತೆ ಮಡುಗಟ್ಟಿ ನಿಂತಿರುತ್ತದೆ. ವಯನಾಡಿನಲ್ಲಿ ಮಳೆ ಹಿಡಿಯಿತೆಂದರೆ ಇಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ಕೆಂಪಗೆ, ಕದಡಿದ ರಾಗಿ ಅಂಬಲಿಯಂತೆ ಬರುತ್ತದೆ. ಬೀಚನಹಳ್ಳಿಯ ಕಬಿನಿ ಜಲಾಶಯದಿಂದ ನೀರು ಬಿಟ್ಟರೆ ಮುಗಿಯಿತು. 2018ರ ಆಗಸ್ಟಿನಲ್ಲಿ ಹಾಗೆ ಬಂದ ಹೊಳೆ ನಂಜನಗೂಡಿನ ಹತ್ತಿರ ಮೈಸೂರಿನ ಹೆದ್ದಾರಿಯನ್ನೇ ಮುಳುಗಿಸಿತ್ತು. ಆಶ್ವಯುಜ ಕಳೆದ ಮೇಲೆ ನಿಧಾನವಾಗಿ ತಿಳಿಯಾಗುತ್ತದೆ.

ಅದೇ ವರ್ಷ, ಪ್ರವಾಹ ಇಳಿದ ಮೇಲೆ, ಮಕ್ಕಳಿಗಾಗಿ ಒಂದು ಚಿತ್ರಕಲಾ ಸ್ಪರ್ಧೆ ನಡೆಯಿತು. ವಿಷಯ, ಸಮುದ್ರ ತೀರದಲ್ಲಿ ಸಂಜೆ. ಸಮುದ್ರವನ್ನೇ ನೋಡದ ಮಕ್ಕಳಿಗೆ ಇಂಥ ವಿಷಯವನ್ನು ಕೊಟ್ಟವರು ಯಾರೋ ತಿಳಿಯದು. ಎಲ್ಲ ಮಕ್ಕಳೂ ನಡುಮನೆಯ ಪಟದ ಸಮುದ್ರವನ್ನು ಬರೆದರು. ಈ ಹುಡುಗಿ ಮಾತ್ರ ಹಾಳೆಯ ತುಂಬ ಕಂದು, ಬೂದು, ಅಲ್ಲಲ್ಲಿ ಸ್ವಲ್ಪ ಅರಿಸಿನ ಬಳಿದಿದ್ದಳು. ಮೇಲಿನದೂ ಅದೇ, ಕೆಳಗಿನದೂ ಅದೇ. ನಡುವೆ ಗೆರೆಯಿಲ್ಲ. ಮೂಲೆಯಲ್ಲಿ ಇರುವೆಯಷ್ಟು ದೊಡ್ಡ ಒಬ್ಬಳು ಹೆಂಗಸು, ಅಷ್ಟೆ.

ತೀರ್ಪುಗಾರರಾಗಿ ಬಂದಿದ್ದವರು ಆ ಹಾಳೆಯನ್ನು ಎತ್ತಿ ಎಲ್ಲರಿಗೂ ತೋರಿಸಿ, "ಇದೇನಮ್ಮ, ಸಮುದ್ರ ನೀಲಿ ಇರುತ್ತೆ ಅಂತ ಗೊತ್ತಿಲ್ವಾ? ಗೆರೆ ಎಲ್ಲಿ?" ಎಂದು ನಕ್ಕರು. ಮಕ್ಕಳೂ ನಕ್ಕರು. ಹುಡುಗಿ ತಲೆ ತಗ್ಗಿಸಿಕೊಂಡು ನಿಂತಳು. ಬಹುಮಾನ ಬಾರದಿದ್ದರೆ ದೊಡ್ಡದಲ್ಲ, ಬಹುಮಾನ ಬಾರದ ಮಕ್ಕಳೇ ಲೋಕದಲ್ಲಿ ಹೆಚ್ಚು. ನನಗೆ ಹೆದರಿಕೆಯಾದದ್ದು ಬೇರೆಯದಕ್ಕೆ. ಹದಿಮೂರು ವರ್ಷದ ಒಂದು ಹೆಣ್ಣುಮಗು ತನ್ನ ಕಣ್ಣು ಕಂಡದ್ದನ್ನು ಬರೆದಿತ್ತು. ನಿನ್ನ ಕಣ್ಣು ಸರಿಯಿಲ್ಲ ಎಂದು ಹತ್ತು ಜನರ ಮುಂದೆ ಹೇಳಿಸಿಕೊಂಡಿತು. ನಮ್ಮ ಕಡೆಯ ಹೆಣ್ಣುಮಕ್ಕಳು ಇಂಥ ಮಾತನ್ನು ಬಹಳ ಬೇಗ ನಂಬಿಬಿಡುತ್ತಾರೆ. ಚಿತ್ರದ ವಿಷಯದಲ್ಲಿ ನಂಬಿದವಳು ಮುಂದೆ ಎಲ್ಲ ವಿಷಯದಲ್ಲೂ ನಂಬುತ್ತಾಳೆ.

ಆ ಸಂಜೆ ಅವಳ ಮನೆಯ ಮುಂದೆ ಹಾದು ಬರುವಾಗ ಜಗುಲಿಯ ಮೇಲೆ ಅಜ್ಜಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಮೊಮ್ಮಗಳು ಅತ್ತದ್ದನ್ನು ಹೇಳಿ, "ಅದೇನ್ ಟೀಚರಮ್ಮ, ನೀರ್ಗೆ ಯಾವ್ ಬಣ್ಣ ಅಂತ ಕೇಳಿದ್ರಂತೆ? ಹೊಳೆ ಬಣ್ಣ ಯಾವ್ದು ಅಂದ್ರೆ ಯಾವ್ ತಿಂಗ್ಳಲ್ಲಿ ಅಂತ ತಿರುಗಿ ಕೇಳ್ಬೇಕು ಕನವ್ವ" ಎಂದರು. ಅಕ್ಷರ ಬಾರದ ಆ ಮುದುಕಿಯ ಮಾತಿನಲ್ಲಿ ಇದ್ದದ್ದನ್ನು ನಾನು ಗ್ಯಾಲರಿಗೆ ಹೋಗಿ ಕಲಿಯಬೇಕಾಯಿತು.

ಮರುದಿನ ತರಗತಿಯಲ್ಲಿ ನಾನು ಎರಡು ಕಥೆ ಹೇಳಿದೆ. ಒಂದು ಫ್ರಾನ್ಸಿನದು. 1872ರಲ್ಲಿ ಕ್ಲೋದ್ ಮೊನೆ ಎಂಬ ಚಿತ್ರಕಾರ ಲ ಹಾವ್ರ್ ಎಂಬ ಬಂದರಿನ ಬೆಳಗನ್ನು ಬರೆದ. ಬೂದು ಮಂಜಿನಲ್ಲಿ ನೀರು ಯಾವುದು, ಬಾನು ಯಾವುದು, ಹಡಗು ಯಾವುದು ಒಂದೂ ಸರಿಯಾಗಿ ತಿಳಿಯದು. ಒಂದು ಸಣ್ಣ ಕಿತ್ತಳೆ ಸೂರ್ಯ ಮಾತ್ರ. 1874ರಲ್ಲಿ ಪ್ಯಾರಿಸಿನಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಾಗ ಪತ್ರಿಕೆಯವರು ಗೇಲಿ ಮಾಡಿದರು. ಚಿತ್ರದ ಹೆಸರಿನಲ್ಲಿದ್ದ 'ಇಂಪ್ರೆಷನ್' ಎಂಬ ಮಾತನ್ನೇ ಹಿಡಿದು ಅಂಥ ಚಿತ್ರಕಾರರಿಗೆಲ್ಲ ಇಂಪ್ರೆಷನಿಸ್ಟರು ಎಂದು ಅಡ್ಡಹೆಸರಿಟ್ಟರು. ನಕ್ಕವರನ್ನು ಲೋಕ ಮರೆಯಿತು. ಅಡ್ಡಹೆಸರೇ ಒಂದು ದೊಡ್ಡ ಪಂಥದ ಹೆಸರಾಗಿ ಉಳಿಯಿತು.

ಇನ್ನೊಂದು ನಮ್ಮ ದೇಶದ ಕಥೆ, ಸಿ.ವಿ. ರಾಮನ್ನರದು. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಪ್ರತಿ ವರ್ಷ ಶಾಲೆಯಲ್ಲಿ ಭಾಷಣ ಮಾಡಿಸುತ್ತೇವೆ. ಮಕ್ಕಳು ಬಾಯಿಪಾಠ ಒಪ್ಪಿಸಿ ಕೂರುತ್ತಾರೆ. ಆದರೆ ಆ ಕಥೆ ಶುರುವಾಗುವುದು ಈ ಹುಡುಗಿಯ ಪ್ರಶ್ನೆಯಿಂದಲೇ. 1921ರ ಇಂಗ್ಲೆಂಡ್ ಪ್ರವಾಸದಲ್ಲಿ ರಾಮನ್ನರು ಹಡಗಿನ ಮೇಲಿಂದ ಮೆಡಿಟರೇನಿಯನ್ ಸಮುದ್ರದ ಕಡುನೀಲಿಯನ್ನು ನೋಡಿದರು. ಆಕಾಶದ ಬಿಂಬ ಬೀಳುವುದರಿಂದ ಕಡಲು ನೀಲಿ ಎಂದು ಲಾರ್ಡ್ ರೇಲಿಯಂಥ ದೊಡ್ಡ ವಿಜ್ಞಾನಿ ಹೇಳಿದ್ದರು. ರಾಮನ್ನರು ಅದನ್ನು ಹಾಗೆಯೇ ನಂಬಲಿಲ್ಲ. ನಿಕೋಲ್ ಪ್ರಿಸಂ ಎಂಬ ಒಂದು ಸಣ್ಣ ಉಪಕರಣದಿಂದ ನೀರಿನ ಮೇಲಿನ ಆಕಾಶದ ಬಿಂಬವನ್ನು ಮರೆಮಾಡಿ ನೋಡಿದರು. ನೀಲಿ ಹೋಗಲಿಲ್ಲ, ಇನ್ನಷ್ಟು ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ಅವರು ಹೇಳಿದರು. ಆಳದ ನೀರು ಬೆಳಕಿನ ಕೆಂಪನ್ನು ಹೆಚ್ಚಾಗಿ ಹೀರಿಕೊಳ್ಳುವುದರಿಂದ ನೀಲಿ ಉಳಿಯುತ್ತದೆ ಎಂಬುದೂ ಈಗ ತಿಳಿದಿದೆ. ಬೆಳಕು ಚದುರುವ ಈ ಬೆನ್ನು ಹಿಡಿದೇ 1928ರಲ್ಲಿ ರಾಮನ್ ಪರಿಣಾಮ ಸಿಕ್ಕಿತು, 1930ರಲ್ಲಿ ನೊಬೆಲ್ ಬಂತು.

ಅಂದರೆ ಕಡಲಿಗೆ ತನ್ನದೇ ಬಣ್ಣವೂ ಉಂಟು, ಆಕಾಶದಿಂದ ಪಡೆದ ಬಣ್ಣವೂ ಉಂಟು. ಹಾಸೂ ಹೊಕ್ಕೂ. ಮೋಡ ಕವಿದರೆ ಹೊಕ್ಕು ಬದಲಾಗುತ್ತದೆ, ನದಿಯ ಮಣ್ಣು ಬಂದು ಸೇರಿದರೆ ಹಾಸು ಬದಲಾಗುತ್ತದೆ. ಹೆಬ್ಬಾರರು ಬಣ್ಣದಲ್ಲಿ ಮಾಡಿದ್ದನ್ನು ರಾಮನ್ನರು ಪ್ರಿಸಂ ಹಿಡಿದು ಮಾಡಿದರು. ಇಬ್ಬರೂ ಮೊದಲು ಮಾಡಿದ್ದು ಒಂದೇ ಕೆಲಸ, ಹೇಳಿದ್ದನ್ನು ಪಕ್ಕಕ್ಕಿಟ್ಟು ತಾವೇ ನೋಡಿದ್ದು. ಇದನ್ನೆಲ್ಲ ಹೇಳುವಾಗ ಹುಡುಗಿ ತಲೆಯೆತ್ತಿ ಕೇಳುತ್ತಿದ್ದಳು. ಕೊನೆಗೆ ಒಂದೇ ಮಾತು ಕೇಳಿದಳು: "ಮೇಡಂ, ನಾವು ನಿಜವಾಗ್ಲೂ ಸಮುದ್ರ ನೋಡೋಕೆ ಹೋಗ್ತೀವಾ?"

ಡಿಸೆಂಬರ್ ಮೊದಲ ವಾರ ಶಾಲೆಯ ಪ್ರವಾಸ. ಧರ್ಮಸ್ಥಳ, ಉಡುಪಿ, ಮಲ್ಪೆ. ಪಟ್ಟಿಯಲ್ಲಿ ಅವಳ ಹೆಸರು ಎಲ್ಲರಿಗಿಂತ ಮೇಲಿತ್ತು. ಅಜ್ಜಿ ಕೋಳಿ ಮಾರಿದ ದುಡ್ಡು ತಂದು ಕೊಟ್ಟಿದ್ದರು. ಹೊರಡುವುದಕ್ಕೆ ನಾಲ್ಕು ದಿನ ಇರುವಾಗ ಅವಳು ಶಾಲೆಗೆ ಬರಲಿಲ್ಲ. ದೊಡ್ಡವಳಾದಳು ಎಂದು ಸುದ್ದಿ ಬಂತು. ಮನೆಗೆ ಹೋಗಿ ಕೇಳಿದೆ. ಅವಳ ತಾಯಿ ಬಾಗಿಲಲ್ಲೇ ನಿಂತು, "ಹೆಂಗೆ ಕಳ್ಸೋದು ಹೇಳಿ ಮೇಡಂ, ಶಾಸ್ತ್ರ ಆಗೋಗಂಟ ಹೊಸ್ಲು ದಾಟಂಗಿಲ್ಲ. ಅದೂ ದೇವ್ರ ಜಾಗ" ಎಂದರು. ಅವರ ಮಾತಿನಲ್ಲಿ ಒರಟಿರಲಿಲ್ಲ, ದುಃಖವೇ ಇತ್ತು. ಹಿಂದುಗಡೆ ಸೋಗೆಯ ಗುಡ್ಲಿನಲ್ಲಿ ಹುಡುಗಿ ಹೊಸ ಲಂಗ ಉಟ್ಟು ಕೂತಿದ್ದಳು. ನಮ್ಮಲ್ಲಿ ಎಷ್ಟೋ ಜನರ ಸಮುದ್ರಗಳು ಹೀಗೆಯೇ ಒಂದು ಹೊಸ್ತಿಲಿನ ಈಚೆ ನಿಂತುಹೋಗಿವೆ. ಇದನ್ನು ಓದುತ್ತಿರುವ ನಿಮಗೆ ನಾನು ಹೆಚ್ಚಿಗೆ ಹೇಳಬೇಕಾಗಿಲ್ಲ.

ಮಲ್ಪೆಯನ್ನು ನಾವು ತಲುಪಿದ್ದು ಇನ್ನೂ ನಸುಕು ಇರುವಾಗ. ಬಸ್ಸಿನಿಂದ ಇಳಿದ ಮಕ್ಕಳು ಓಡಿ ಹೋಗಿ, ಒಮ್ಮೆಗೇ ನಿಂತುಬಿಟ್ಟರು. ಮುಂದೆ ಇದ್ದದ್ದು ನೀಲಿಯಲ್ಲ. ಬೂದಿ ಬಣ್ಣದ, ಕೊನೆಯಿಲ್ಲದ, ಉಸಿರಾಡುವ ಏನೋ ಒಂದು. ಮಂಜಿನಲ್ಲಿ ನೀರೂ ಬಾನೂ ಕೂಡಿಕೊಂಡಿದ್ದವು. ಸ್ಪರ್ಧೆಯ ದಿನ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕಿದ್ದ ಹುಡುಗನೊಬ್ಬ ನನ್ನ ಪಕ್ಕಕ್ಕೆ ಬಂದು, "ಮೇಡಂ, ಅವಳು ಬರ್ದಿದ್ದು ಇದೇ ಅಲ್ವಾ?" ಎಂದ. ಒಂದು ಗಂಟೆ ಕಳೆದು ಬಿಸಿಲೇರಿದ ಮೇಲೆ ಅದೇ ನೀರು ಹಸಿರಾಯಿತು, ಆಮೇಲೆ ದೂರದಲ್ಲಿ ನೀಲಿಯೂ ಆಯಿತು. ತೀರ್ಪುಗಾರರೂ ಸುಳ್ಳು ಹೇಳಿರಲಿಲ್ಲ ಎನ್ನಿ. ಅವರು ಹತ್ತು ಗಂಟೆಯ ಸಮುದ್ರವನ್ನು ಮಾತ್ರ ಕಂಡವರು.

ಬಂದರಿನ ಕಡೆ ಮೀನುಬುಟ್ಟಿ ಹೊತ್ತ ಹೆಂಗಸರು ಓಡಾಡುತ್ತಿದ್ದರು. ಅವರು ಕಡಲನ್ನು ನೋಡುವ ರೀತಿ ನಮ್ಮದಲ್ಲ. ದೋಣಿ ಬಂತೇ, ಎಷ್ಟು ದೋಣಿ ಬಂತು, ಬರಬೇಕಾದದ್ದು ಯಾವುದು ಎಂದು ಎಣಿಸುವ ನೋಟ ಅದು. ನಾವು ಊರಿಗೆ ಮರಳಿ ಕೆಲವೇ ದಿನಗಳಲ್ಲಿ, 2018ರ ಡಿಸೆಂಬರ್ 13ರಂದು, ಅದೇ ಮಲ್ಪೆಯಿಂದ 7 ಮಂದಿ ಮೀನುಗಾರರನ್ನು ಹೊತ್ತು ಹೊರಟ 'ಸುವರ್ಣ ತ್ರಿಭುಜ' ಎಂಬ ದೋಣಿ ತಿರುಗಿ ಬರಲಿಲ್ಲ. ಅದರ ಅವಶೇಷ ಸಿಕ್ಕಿದ್ದು ಮುಂದಿನ ವರ್ಷದ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣದ ಹತ್ತಿರದ ಕಡಲಿನಲ್ಲಿ. ಆ ಸುದ್ದಿ ಓದಿದ ದಿನ ಹೆಬ್ಬಾರರ ಚಿತ್ರದ ಒರಟು ಮೈ ನನಗೆ ಇನ್ನೊಂದು ರೀತಿಯಲ್ಲಿ ಅರ್ಥವಾಯಿತು. ಕರಾವಳಿಯಲ್ಲಿ ಹುಟ್ಟಿದವರ ಕಡಲು ನುಣುಪಾಗಿರಲು ಹೇಗೆ ಸಾಧ್ಯ? ನೆಂಟರ ಮನೆಗೆ ಹೋದವರ ಹಾಗೆ ಒಂದು ದಿನ ನೋಡಿ ಬರುವ ನಮಗೆ ಅದು ನುಣುಪು.

ಮಲ್ಪೆಯಲ್ಲಿ ಮಕ್ಕಳೆಲ್ಲ ಚಿಪ್ಪು ಆರಿಸಿಕೊಂಡರು. ನಾನು ಒಂದು ನೀರಿನ ಬಾಟಲಿ ಖಾಲಿ ಮಾಡಿ, ಮೊಣಕಾಲ ಮಟ್ಟದ ಅಲೆಗೆ ಇಳಿದು ಸಮುದ್ರದ ನೀರು ತುಂಬಿಕೊಂಡೆ. ಸಹೋದ್ಯೋಗಿಗಳು, "ತೀರ್ಥವೇ?" ಎಂದು ತಮಾಷೆ ಮಾಡಿದರು.

ಊರಿಗೆ ಬಂದ ಮರುದಿನ ಅದನ್ನು ಆ ಹುಡುಗಿಗೆ ಕೊಟ್ಟೆ. ಗುಡ್ಲಿನ ಸೋಗೆಯ ಸಂದಿಯಿಂದ ಬಿಸಿಲ ಕೋಲು ಬರುತ್ತಿತ್ತು. ಅವಳು ಬಾಟಲಿಯನ್ನು ಎರಡು ಕೈಯಲ್ಲಿ ಹಿಡಿದು ಆ ಬಿಸಿಲಿಗೆ ಎತ್ತಿದಳು. ತಿರುಗಿಸಿದಳು. ಮುಚ್ಚಳ ತೆಗೆದು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ ಮುಖ ಹುಳ್ಳಗೆ ಮಾಡಿದಳು. ಆಮೇಲೆ ಬಹಳ ಆಶ್ಚರ್ಯದಿಂದ ಹೇಳಿದಳು: "ಮೇಡಂ, ಇದ್ರಲ್ಲಿ ಬಣ್ಣಾನೇ ಇಲ್ವಲ್ಲ!"

ಇಲ್ಲ. ಬಾಟಲಿಯಲ್ಲಿ ತುಂಬಿ ತರುವ ಹಾಗಿದ್ದರೆ ರಾಮನ್ನರಿಗೆ ಪ್ರಿಸಂ ಬೇಕಾಗಿರಲಿಲ್ಲ, ಹೆಬ್ಬಾರರಿಗೆ ಕುಂಚ ಬೇಕಾಗಿರಲಿಲ್ಲ. ಆಳ, ಆಕಾಶ, ಬೆಳಕು, ಹೊತ್ತು, ನೋಡುವ ಕಣ್ಣು ಇಷ್ಟೂ ಸೇರಿದಾಗ ಬಣ್ಣ. ಅವಳಿಗೆ ಇದನ್ನೆಲ್ಲ ನಾನು ವಿವರಿಸಲಿಲ್ಲ. ಪತ್ರಿಕೆಯ ಪುರವಣಿಯಿಂದ ಕತ್ತರಿಸಿ ಇಟ್ಟುಕೊಂಡಿದ್ದ ಹೆಬ್ಬಾರರ ಒಂದು ಚಿತ್ರವನ್ನು ಕೈಗೆ ಕೊಟ್ಟೆ. ಅಚ್ಚಿನಲ್ಲಿ ಬಣ್ಣ ಸ್ವಲ್ಪ ಮಾಸಿತ್ತು. ಅವಳು ಬಹಳ ಹೊತ್ತು ನೋಡಿ, ಅಜ್ಜಿಯ ಮೊಮ್ಮಗಳಂತೆಯೇ, "ಇದು ಆಗಸ್ಟ್ ತಿಂಗಳದ್ದು ಮೇಡಂ" ಎಂದಳು. ಯಾರದು, ಎಷ್ಟು ಬೆಲೆ, ಏನು ಅರ್ಥ ಎಂದು ಕೇಳಲಿಲ್ಲ. ಆ ಚಿತ್ರದ ಮುಂದೆ ನಿಲ್ಲಲು ಅವಳಿಗೆ ಯಾರ ಸಹಾಯವೂ ಬೇಕಾಗಿರಲಿಲ್ಲ.

ಅವಳು ಚಿತ್ರಕಲಾವಿದೆಯಾದಳು ಎಂದು ಬರೆಯಲು ನನಗೂ ಆಸೆಯೇ. ಆಗಲಿಲ್ಲ. ಮೈಸೂರಿನ ಕಲಾಶಾಲೆಗೆ ಸೇರಿಸೋಣವೆಂದು ನಾನು ಮನೆಯವರೊಡನೆ ಎರಡು ಸಲ ಮಾತಾಡಿದೆ. ಪಿ.ಯು.ಸಿ. ಮುಗಿಯುವ ಹೊತ್ತಿಗೆ ತಂದೆಯ ಕೈ ಸೋತಿತ್ತು, ಕೆಳಗೆ ಇಬ್ಬರು ತಂಗಿಯರಿದ್ದರು. ಈಗ ಅವಳು ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತಾಳೆ. ನಂಜನಗೂಡಿನಿಂದಲೂ ಸೀರೆ ಬರುತ್ತವೆ. ಗೋಡೆಗೆ ಹೊಡೆದ ಮೊಳೆಗಳಲ್ಲಿ ನೂರಾರು ಬಣ್ಣದ ರೇಷ್ಮೆ ದಾರದ ಲಡಿಗಳು ಜೋತಾಡುತ್ತಿರುತ್ತವೆ. ಯಾವ ಸೀರೆಗೆ ಯಾವ ದಾರ ಎನ್ನುವುದು ಅವಳ ಮಾತು. ಸೀರೆಯ ಒಡತಿಯ ಮಾತಲ್ಲ. ಈ ಕಾರಣಕ್ಕೆ ಅವಳಿಗೆ ಸ್ವಲ್ಪ ಜಗಳಗಂಟಿ ಎಂಬ ಹೆಸರೂ ಬಂದಿದೆ. ಆ ಹೆಸರು ಕೇಳಿದಾಗೆಲ್ಲ ನನಗೆ ಒಳಗೊಳಗೇ ಸಮಾಧಾನ. ಕಣ್ಣಿನ ಮೇಲಿನ ನಂಬಿಕೆ ಹೋಗಿಲ್ಲ.

ಕಳೆದ ಶ್ರಾವಣದಲ್ಲಿ ಒಂದು ಸೀರೆ ಕೊಟ್ಟಿದ್ದೆ. ನೀಲಿಗೆ ಹಸಿರು ಸೇರಿದ ಡಬಲ್ ಶೇಡು. ನೀಲಿ ದಾರದ ಕುಚ್ಚು ಕಟ್ಟಿಬಿಡಮ್ಮ ಎಂದೆ. ಅವಳು ಸೀರೆಯ ಸೆರಗನ್ನು ಎತ್ತಿ ಬಾಗಿಲಿಗೆ ತಂದಳು. ಹೊರಗೆ ಮೋಡವಿತ್ತು. ಆ ಬೆಳಕಿನಲ್ಲಿ ಒಮ್ಮೆ ಮಡಿಸಿ, ಒಮ್ಮೆ ಬಿಡಿಸಿ, ಗೋಡೆಯ ಲಡಿಗಳನ್ನು ಒಂದೊಂದಾಗಿ ಹಿಡಿದು ನೋಡಿದಳು. ಕೊನೆಗೆ ಮುಗಿಲಿನಂಥ ಒಂದು ಬೂದು ದಾರ ತೆಗೆದು ಸೆರಗಿನ ಮೇಲೆ ಇಟ್ಟು, "ನೀಲಿ ಬೇಡಿ ಮೇಡಂ, ಇಲ್ನೋಡಿ" ಎಂದಳು. ನೋಡಿದೆ. ಸೀರೆಯ ನೀಲಿ ಅದುವರೆಗೆ ಎಲ್ಲಿತ್ತೋ, ಆಗ ಎದ್ದು ಬಂತು.